ಜಾಗ್ವಾರ್ ಹೆರಿಟೇಜ್ ಸರ್ಟಿಫಿಕೇಟು: ಕಾರ್ಖಾನೆಯಿಂದ ವಿತರಕರವರೆಗೆ ಪಕ್ಕಾ, ಆಮೇಲಿನದು ನಿಮ್ಮ ಪಾಡು

ಜಾಗ್ವಾರ್ ಕಂಪನಿಯ ಹಳೆಯ ಇ-ಟೈಪ್ ಅಥವಾ ಎಕ್ಸ್‌ಕೆ120 ಮಾರಾಟಕ್ಕೆ ಬಂದರೆ ಮಾರುವವರು ಮೊದಲು ಮುಂದಿಡುವುದು ಹೆರಿಟೇಜ್ ಸರ್ಟಿಫಿಕೇಟನ್ನು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಈ ಒಂದು ಹಾಳೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸೇವೆ. ತೊಂದರೆ ಇರುವುದು ಅದನ್ನು ಓದುವ ರೀತಿಯಲ್ಲಿ. ಹಾಳೆ ಹೇಳುವುದು ಕಾರ್ಖಾನೆಯ ಗೇಟು ದಾಟಿದ ದಿನದ ಕಾರಿನ ಬಗ್ಗೆ. ಎದುರಿಗೆ ನಿಂತಿರುವ ಕಾರು ಅದೇನಾ ಎಂದು ಯಾರೂ ಬಂದು ನೋಡಿರುವುದಿಲ್ಲ.

ಟ್ರಸ್ಟ್ 1983ರಿಂದ ಇದೆ. ಕಾರ್ಖಾನೆಯ ಹಳೆಯ ಲೆಡ್ಜರುಗಳು ಅದರ ಬಳಿ ಇವೆ. ಅರ್ಜಿಯ ಜೊತೆ ಮಾಲೀಕತ್ವದ ದಾಖಲೆಯನ್ನೂ ನಂಬರುಗಳ ಫೋಟೊಗಳನ್ನೂ ಕಳಿಸಬೇಕು. ಲೆಡ್ಜರಿನ ಸಾಲಿಗೆ ನಂಬರು ತಾಳೆಯಾದರೆ ಸರ್ಟಿಫಿಕೇಟು ಬರುತ್ತದೆ. ಅದರಲ್ಲಿ ಚಾಸಿ, ಇಂಜಿನ್, ಬಾಡಿ ಮತ್ತು ಗೇರ್‌ಬಾಕ್ಸ್ ನಂಬರುಗಳು, ತಯಾರಾದ ದಿನ, ರವಾನೆಯಾದ ದಿನ, ಹೊರಬಣ್ಣ, ಒಳಗಿನ ಚರ್ಮದ ಬಣ್ಣ, ತೆರೆದ ಕಾರಾದರೆ ಹುಡ್‌ನ (ಮಡಚುವ ಬಟ್ಟೆ ಮಾಡಿನ) ಬಣ್ಣ, ಮತ್ತು ಕಾರು ಯಾರಿಗೆ ಹೋಯಿತು ಎಂಬ ವಿತರಕರ ಹೆಸರು ಇರುತ್ತವೆ. ಬ್ರಿಟನ್ನಿನಲ್ಲೇ ಮಾರಾಟವಾದ ಕೆಲವು ಕಾರುಗಳಿಗೆ ಮೊದಲ ನೋಂದಣಿ ಸಂಖ್ಯೆಯೂ ಸಿಗುತ್ತದೆ. ಆಮೇಲೆ ಹಾಕಿಸಿಕೊಂಡ ರೇಡಿಯೊ, ಸೀಟ್ ಬೆಲ್ಟ್‌ಗಳ ಪಟ್ಟಿಯನ್ನು ಇದರಲ್ಲಿ ಹುಡುಕಬೇಡಿ.

ಅರ್ಜಿಗೆ ಮುಂಚೆ ಕಾರಿನ ನಂಬರುಗಳನ್ನು ನೀವೇ ಓದಿ ಬರೆದಿಡಿ. ಹೆಚ್ಚಿನ ಎಡವಟ್ಟು ಆಗುವುದು ಈ ಹಂತದಲ್ಲೇ. ಇ-ಟೈಪಿನಲ್ಲಿ ಚಾಸಿ ನಂಬರು ಪಂಚ್ ಆಗಿರುವುದು ಮುಂದಿನ ಫ್ರೇಮಿನ ಬಲಗಡೆಯ ಅಡ್ಡಪಟ್ಟಿಯ ಮೇಲೆ, ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಮೇಲ್ಗಡೆ. ಇಂಜಿನ್ ನಂಬರು ಎರಡು ಕಡೆ ಇದೆ: ಬ್ಲಾಕಿನ ಬಲಬದಿ ಆಯಿಲ್ ಫಿಲ್ಟರಿನ ಮೇಲೆ, ಇನ್ನೊಂದು ಸಿಲಿಂಡರ್ ಹೆಡ್‌ನ ಮುಂಭಾಗದಲ್ಲಿ. ಗೇರ್‌ಬಾಕ್ಸ್ ನಂಬರು ಕೇಸಿಂಗಿನ ಎಡ ಹಿಂಬದಿಯ ಮೂಲೆಯಲ್ಲಿ ಮತ್ತು ಮೇಲಿನ ಮುಚ್ಚಳದ ಮೇಲೆ. ಬಾಡಿ ನಂಬರು ಸ್ಕಟಲಿನ (ಮುಂಗಾಜಿನ ಕೆಳಗೆ, ಇಂಜಿನ್ ಕೋಣೆಯ ಹಿಂದಿರುವ ಬಾಡಿ ಭಾಗ) ಬಲಬದಿಗೆ ಕೂರಿಸಿದ ಸಣ್ಣ ತಗಡಿನ ಮೇಲೆ.

ಪಂಚ್ ಗುರುತಿನ ಮೇಲೆ ದಶಕಗಳ ಬಣ್ಣ, ಗ್ರೀಸು ಕೂತಿರುತ್ತದೆ. ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಎಮರಿ ಪೇಪರ್ ಹಾಕಿ ತಿಕ್ಕಿದರೆ ನಂಬರೂ ಸವೆಯುತ್ತದೆ, ಮುಂದೆ ನೋಡುವವರಿಗೆ ಅನುಮಾನವೂ ಹುಟ್ಟುತ್ತದೆ. 3 ಮತ್ತು 8, 0 ಮತ್ತು 6 ಅದಲುಬದಲಾಗುವುದು ಸಾಮಾನ್ಯ. ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರೆ ಫೋಟೊದಲ್ಲಿ ಕಾಣದ ಗೆರೆಯೂ ಕಾಣುತ್ತದೆ. ಇಂಜಿನ್ ನಂಬರಿನ ಕೊನೆಗೆ ಬರುವ 8 ಅಥವಾ 9 ಕಂಪ್ರೆಷನ್ ರೇಷಿಯೊ ಸೂಚಿಸುತ್ತದೆ. ಅದನ್ನೂ ನಂಬರಿನೊಳಗೆ ಸೇರಿಸಿ ಬರೆದರೆ ಒಂದು ಅಂಕಿ ಹೆಚ್ಚಾಗಿ ತಾಳೆ ತಪ್ಪುತ್ತದೆ.

ನಂಬರಿನಿಂದಲೇ ತಿಳಿಯುವುದು ಬೇಕಾದಷ್ಟಿದೆ. 3.8 ಲೀಟರ್ ಇ-ಟೈಪಿನಲ್ಲಿ ತೆರೆದ ಕಾರಿನ ಸರಣಿ ಬಲಗೈ ಚಾಲನೆಗೆ 850001ರಿಂದ, ಎಡಗೈಗೆ 875001ರಿಂದ ಶುರು. ಮುಚ್ಚಿದ ಕೂಪೆಗೆ ಅದೇ ಕ್ರಮದಲ್ಲಿ 860001 ಮತ್ತು 885001. ಎಕ್ಸ್‌ಕೆ120 ರೋಡ್‌ಸ್ಟರ್ (ತೆರೆದ ಕಾರು) ಬಲಗೈಯದು 660001ರಿಂದ, ಎಡಗೈಯದು 670001ರಿಂದ. 885ರಿಂದ ಶುರುವಾಗುವ ನಂಬರಿನ ಕಾರು ಈಗ ಬಲಗೈ ಸ್ಟಿಯರಿಂಗಿನ ತೆರೆದ ಕಾರಾಗಿದ್ದರೆ ಎರಡು ಕಡೆ ಕೈಯಾಡಿದೆ ಎಂದರ್ಥ. ಇದನ್ನು ತಿಳಿಯಲು ಸರ್ಟಿಫಿಕೇಟೇ ಬೇಕಿಲ್ಲ.

ಇನ್ನು ಇ-ಟೈಪಿಗೇ ಅಂಟಿದ ಒಂದು ತೊಡಕು. ಅದರ ಮುಂದಿನ ಫ್ರೇಮು ಕೊಳವೆಗಳಿಂದ ಮಾಡಿದ್ದು, ಬಾಡಿಗೆ ಬೋಲ್ಟ್ ಹಾಕಿ ಕೂರಿಸಿದ್ದು. ಅಂದರೆ ಚಾಸಿ ನಂಬರು ಇರುವ ಭಾಗವನ್ನೇ ಬಿಚ್ಚಿ ಬೇರೆ ಕಾರಿಗೆ ಹಾಕಬಹುದು! ಮುಂದಿನಿಂದ ಗುದ್ದಿಸಿಕೊಂಡ ಕಾರುಗಳಿಗೆ ಹೊಸ ಫ್ರೇಮು ಬಂದು, ಗ್ಯಾರೇಜಿನವರೇ ಹಳೆಯ ನಂಬರನ್ನು ಹೊಸದಾಗಿ ಪಂಚ್ ಮಾಡಿದ್ದೂ ಉಂಟು. ಅದು ವಂಚನೆಯಲ್ಲ, ರಿಪೇರಿ. ಈ ನಂಬರುಗಳನ್ನು ಒಟ್ಟಿಗೆ ಪಂಚ್ ಮಾಡಿರುವ ಇಂಜಿನ್ ಕೋಣೆಯ ತಗಡಿನ ಪ್ಲೇಟಂತೂ ಖಾಲಿಯಾಗಿಯೇ ಬಿಡಿಭಾಗದಂತೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹಾಗಾಗಿ ನಾಲ್ಕೂ ನಂಬರುಗಳಲ್ಲಿ ಹೆಚ್ಚು ತೂಕ ಬಾಡಿ ನಂಬರಿಗೆ. ಕಾರಿನ ಮುಖ್ಯ ಒಡಲಿಗೆ ಸೇರಿದ್ದು ಅದೊಂದೇ. ಫ್ರೇಮು, ಇಂಜಿನ್, ಗೇರ್‌ಬಾಕ್ಸ್ ಮೂರೂ ತಾಳೆಯಾಗಿ ಬಾಡಿ ನಂಬರು ಮಾತ್ರ ಬೇರೆಯಾಗಿದ್ದರೆ, ಒಳ್ಳೆಯ ಯಂತ್ರಭಾಗಗಳನ್ನು ಬೇರೊಂದು ಒಡಲಿಗೆ ಕೂರಿಸಿರುವ ಸಾಧ್ಯತೆ ದೊಡ್ಡದು. ಗೇರ್‌ಬಾಕ್ಸ್ ಒಂದೇ ಬೇರೆಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ರಸ್ತೆಯಲ್ಲಿ ಓಡಿದ ಕಾರು, ಅಷ್ಟೇ. ಬೆಲೆಯಲ್ಲಿ ಒಂದಿಷ್ಟು ಇಳಿಸಿ ಕೇಳಿ.

ಈಗ ವಿತರಕರ ಸಾಲಿಗೆ ಬರೋಣ. ಹೆಚ್ಚಿನವರು ಸರ್ಟಿಫಿಕೇಟು ತರಿಸುವುದು ಇದಕ್ಕಾಗಿಯೇ, ನಿರಾಸೆಪಡುವುದೂ ಇಲ್ಲಿಯೇ. ಅಮೆರಿಕಕ್ಕೆ ಹೋದ ಕಾರಿನ ಹಾಳೆಯಲ್ಲಿ ‘ಜಾಗ್ವಾರ್ ಕಾರ್ಸ್, ನ್ಯೂಯಾರ್ಕ್’ ಎಂದಿದ್ದರೆ ಕಾರು ನ್ಯೂಯಾರ್ಕಿನ ಶೋರೂಮಿನಲ್ಲಿ ಮಾರಾಟವಾಯಿತು ಎಂದು ತಿಳಿಯಬೇಡಿ. ಅದು ಸಗಟು ಆಮದುದಾರರ ಹೆಸರು. ಅಲ್ಲಿಂದ ಕಾರು ಯಾವ ಊರಿನ ಡೀಲರಿಗೂ ಹೋಗಿರಬಹುದು. 1950ರ ಆಸುಪಾಸಿನ ಎಕ್ಸ್‌ಕೆ120ಗಳಿಗೆ ಪೂರ್ವದಲ್ಲಿ ಮ್ಯಾಕ್ಸ್ ಹಾಫ್‌ಮನ್, ಪಶ್ಚಿಮದಲ್ಲಿ ಚಾರ್ಲ್ಸ್ ಹಾರ್ನ್‌ಬರ್ಗ್ ಎಂಬ ಹೆಸರುಗಳು ಕಾಣುತ್ತವೆ. ಇದರಿಂದ ಕಾರು ದೇಶದ ಯಾವ ಕರಾವಳಿಯಲ್ಲಿ ಇಳಿಯಿತು ಎಂಬುದು ತಿಳಿಯುತ್ತದೆ. ಕೊನೆಗೆ ಗಿರಾಕಿಗೆ ಕೀ ಕೊಟ್ಟ ಡೀಲರ್ ಯಾರು ಎಂಬುದಕ್ಕೆ ಕಾರಿನಲ್ಲೇ ಹುಡುಕಬೇಕು: ಸರ್ವಿಸ್ ಪುಸ್ತಕದ ರಬ್ಬರ್ ಸ್ಟಾಂಪು, ನಂಬರ್ ಪ್ಲೇಟಿನ ಚೌಕಟ್ಟು, ಹಳೆಯ ಕೀಚೈನು, ಬೂಟ್ ಮುಚ್ಚಳದ ಮೇಲೆ ಡೀಲರ್ ಬ್ಯಾಡ್ಜ್ ಇದ್ದ ಎರಡು ಸಣ್ಣ ತೂತು. ಬಣ್ಣ ಬಳಿಯುವ ಮುಂಚೆ ಆ ತೂತುಗಳ ಫೋಟೊ ತೆಗೆಯಿರಿ. ಮುಚ್ಚಿದ ಮೇಲೆ ಯಾರಿಗೂ ಸಿಗುವುದಿಲ್ಲ.

ತಾರೀಖಿನ ಗೊಂದಲವೂ ಬರುತ್ತದೆ. 1964ರಲ್ಲಿ ತಯಾರಾದ ಕಾರು ಅಮೆರಿಕದ ಟೈಟಲ್ ಪತ್ರದಲ್ಲಿ (ಮಾಲೀಕತ್ವದ ಸರ್ಕಾರಿ ಪತ್ರ) 1965 ಎಂದಿದ್ದರೆ ಬೆಚ್ಚಬೇಡಿ. ಹಲವು ಕಡೆ ಮಾರಾಟದ ವರ್ಷವನ್ನೇ ಬರೆಯುತ್ತಿದ್ದರು. 1964ರ ಅಕ್ಟೋಬರಿನಲ್ಲೇ 4.2 ಲೀಟರ್ ಇಂಜಿನ್ ಬಂದದ್ದರಿಂದ, ಟೈಟಲ್ ನಂಬಿ 4.2 ಎಂದುಕೊಂಡು 3.8 ಕೊಳ್ಳುವ ಅಪಾಯ ಇದೆ. ಇನ್ನೂ ಹಳೆಯ ಎಕ್ಸ್‌ಕೆಗಳಲ್ಲಿ ಬೇರೆ ಬಗೆಯ ಗೋಜಲು: ಕೆಲವು ರಾಜ್ಯಗಳು ಇಂಜಿನ್ ನಂಬರನ್ನೇ ಕಾರಿನ ಗುರುತಾಗಿ ನೋಂದಾಯಿಸಿದ್ದವು. ಇಂಜಿನ್ ಬದಲಾದ ಮೇಲೆ ಕಾಗದದ ಗುರುತಿಗೂ ಕಾರಿಗೂ ಸಂಬಂಧವೇ ಉಳಿಯುವುದಿಲ್ಲ. ಇಂಥ ಕಾರಿಗೆ ಸರ್ಟಿಫಿಕೇಟು ನಿಜವಾಗಿ ಬೆಲೆ ಬಾಳುತ್ತದೆ. ಚಾಸಿ ನಂಬರನ್ನೂ ಮೂಲ ಇಂಜಿನ್ ನಂಬರನ್ನೂ ಒಂದೇ ಸಾಲಿನಲ್ಲಿ ಕೂಡಿಸುವ ಕಾಗದ ಅದು.

ಮಾಲೀಕರ ಸರಣಿಯನ್ನು ಈ ಸೇವೆಯಿಂದ ನಿರೀಕ್ಷಿಸಬೇಡಿ. ಬ್ರಿಟನ್ನಿನ ಕಾರಾದರೆ ಹಳೆಯ ಲಾಗ್‌ಬುಕ್ (ಕಾರಿನ ನೋಂದಣಿ ಪುಸ್ತಕ) ಸಿಕ್ಕರೆ ಅದೇ ಚಿನ್ನ, ಮಾಲೀಕರ ಹೆಸರು ಒಂದರ ಕೆಳಗೊಂದು ಸ್ಟಾಂಪಿನ ಸಮೇತ ಇರುತ್ತವೆ. ಲಾಗ್‌ಬುಕ್ ಇಲ್ಲದಿದ್ದರೆ ಆ ಜಿಲ್ಲೆಯ ದಾಖಲೆ ಕಚೇರಿಯನ್ನೂ ಹಳೆಯ ಕೌನ್ಸಿಲ್ ನೋಂದಣಿ ಪುಸ್ತಕಗಳನ್ನು ಕಾಪಾಡಿರುವ ಕಿಟ್‌ಹೆಡ್ ಟ್ರಸ್ಟನ್ನೂ ವಿಚಾರಿಸಬಹುದು. ಅಮೆರಿಕದಲ್ಲಿ 1994ರ ಖಾಸಗಿತನದ ಕಾನೂನಿನಿಂದಾಗಿ ಹಳೆಯ ಮಾಲೀಕರ ವಿಳಾಸ ಸುಲಭವಾಗಿ ಸಿಗದು. ಅಲ್ಲಿ ಮಾರಾಟದ ರಸೀದಿ, ವಿಮೆ ಪತ್ರ, ಗ್ಯಾರೇಜ್ ಬಿಲ್ಲುಗಳೇ ಗತಿ.

ಕರ್ನಾಟಕದಲ್ಲಿ ನೋಂದಣಿಯಾದ ಕಾರಿಗೆ ಕೇಳಬೇಕಾದದ್ದು ಬಿ ಎಕ್ಸ್‌ಟ್ರಾಕ್ಟ್, ಅಂದರೆ ಆರ್‌ಟಿಒ ನೋಂದಣಿ ದಾಖಲೆಯ ನಕಲು. ಕಂಪ್ಯೂಟರ್ ಪ್ರತಿಯಲ್ಲಿ ಹಳೆಯ ಕೈಬದಲುಗಳೆಲ್ಲ ಸಿಗುತ್ತವೆ ಎಂದು ನಂಬಿ ಕೂರಬೇಡಿ. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಾದರೆ ಮೂಲ ಆರ್‌ಟಿಒದಲ್ಲಿ ಕೈಬರಹದ ರಿಜಿಸ್ಟರ್ ಪುಟದ ದೃಢೀಕೃತ ನಕಲನ್ನೇ ಕೇಳಿ. ಎನ್‌ಒಸಿ ಪಡೆದು ಕಾರು ಬೇರೆ ಊರಿಗೆ ಹೋಗಿದ್ದರೆ ಅಲ್ಲಿಯೂ ಕೇಳಬೇಕು. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಸ್ವಂತ ಬಳಕೆಯ ವಾಹನ ವಿಂಟೇಜ್ ಎನಿಸುತ್ತದೆ. ‘ವಿಎ’ ಸರಣಿಯ ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಈಗಾಗಲೇ ನೋಂದಣಿಯಾದ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅರ್ಜಿಗೆ ಹಳೆಯ ಆರ್‌ಸಿ, ವಿಮೆ ಬೇಕು, ಆಮದಾದ ಕಾರಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ಪತ್ರ) ಕೂಡ. ಹೆರಿಟೇಜ್ ಸರ್ಟಿಫಿಕೇಟು ಇವುಗಳ ಬದಲಿಗೆ ಸಲ್ಲುವುದಿಲ್ಲ, ಆದರೆ ‘ಮೂಲರೂಪ’ದ ಮಾತು ಬಂದಾಗ ಬಣ್ಣ, ಇಂಜಿನ್ ನಂಬರುಗಳಿಗೆ ಒಳ್ಳೆಯ ಪೂರಕ.

ಕೊಳ್ಳುವವರಿಗೆ: ಮಾರುವವರು ತೋರಿಸುವ ಸರ್ಟಿಫಿಕೇಟಿನ ತಾರೀಖು ನೋಡಿ, ಮೂಲ ಪ್ರತಿಯನ್ನೇ ಕೇಳಿ. ಇಪ್ಪತ್ತು ವರ್ಷದ ಹಿಂದೆ ತರಿಸಿದ ಹಾಳೆಯಾದರೆ ಆಮೇಲೆ ಆದ ರಿಪೇರಿಯೆಲ್ಲ ಅದಕ್ಕೆ ಹೊರಗು. ಮುಂಗಡ ಕೊಡುವ ಮೊದಲು ಹಾಳೆಯನ್ನು ಕೈಯಲ್ಲಿ ಹಿಡಿದು ಬಾನೆಟ್ ಎತ್ತಿಸಿ ನಾಲ್ಕೂ ನಂಬರು ಓದಿ. ಗೇರ್‌ಬಾಕ್ಸಿನದನ್ನು ಕಾಣಲು ಕಾರಿನ ಒಳಗಿನ ಟನಲ್ (ಗೇರ್‌ಬಾಕ್ಸಿನ ಮೇಲೆ ಉಬ್ಬಿರುವ ಭಾಗ) ಮುಚ್ಚಳ ಬಿಚ್ಚಬೇಕಾಗಬಹುದು, ಅದಕ್ಕೆ ಒಪ್ಪದ ಮಾರಾಟಗಾರರೊಂದಿಗೆ ಮೂರು ನಂಬರಿನ ಬೆಲೆಯನ್ನೇ ಮಾತಾಡಿ.