ಡುರಿಯನ್ ಡಬ್ಬಿ: ತಿನ್ನಿ, ಆದ್ರೆ ಸ್ಟಾಂಪ್ ಆಲ್ಬಮ್ ಇದ್ದ ಮನೇಲಿ ಬಿಚ್ಬೇಡಿ

ತಂಗಿ ಮಗ ಬೆಂಗಳೂರಿಂದ ಬರುವಾಗ ಒಂದ್ ಡಬ್ಬಿ ಡುರಿಯನ್ ಹಣ್ಣು ತಂದ್ಕೊಟ್ಟ, ಥಾಯ್ಲೆಂಡಿನ ಮೊಂಥಾಂಗ್ ತಳಿ, ತೊಳೆ ಬಿಡಿಸಿ ಫ್ರೋಜನ್ ಮಾಡಿದ್ದು, 400 ಗ್ರಾಂಗೆ 950 ರೂಪಾಯಿ. ಆ ದುಡ್ಡಿಗೆ ನಮ್ಮ ಶಿರಸೀಲಿ ಹಲಸಿನ ಹಣ್ಣು ಗಾಡಿ ತುಂಬ ಬರ್ತದೆ, ಇರ್ಲಿ. ಕಾರವಾರದಲ್ಲಿ ನಾವೊಂದ್ ಆರೇಳು ಜನ ಸ್ಟಾಂಪ್ ಹುಚ್ಚಿನವ್ರು ಭಾನುವಾರ ಸೇರೂದಿತ್ತು, ಅಲ್ಲಿಗೇ ಒಯ್ಯೂದು ಅಂತ ಥರ್ಮಾಕೋಲ್ ಪೆಟ್ಟಿಗೇಲಿ ಐಸ್ ಹಾಕಿ ಬಸ್ ಹತ್ತಿದೆ.

ದೇವಿಮನೆ ಘಟ್ಟ ಇಳಿಯೂವಾಗ ಐಸ್ ಕರಗಿ ವಾಸನೆ ಶುರುವಾಯ್ತು. ಕಂಡಕ್ಟರ್ ಎದ್ದು ಬಂದು "ಯಾರ್ರೀ ಗ್ಯಾಸ್ ಸಿಲಿಂಡರ್ ತಂದದ್ದು" ಅಂತ ಎಲ್ಲ ಸೀಟಿನ ಕೆಳಗೂ ಬಗ್ಗಿ ನೋಡಿದ್ರು. ಅವ್ರು ಹೇಳಿದ್ದು ತಪ್ಪೇನಲ್ಲ, ಗ್ಯಾಸ್ ಲೀಕಾದ್ರೆ ಗೊತ್ತಾಗ್ಲಿ ಅಂತ ಎಲ್‌ಪಿಜಿಗೆ ಬೆರೆಸ್ತಾರಲ್ಲ ಈಥೈಲ್ ಮರ್ಕ್ಯಾಪ್ಟನ್, ಅದು ಈ ಹಣ್ಣಲ್ಲೂ ಇದೆ. ಸಿಂಗಾಪುರದ ಮೆಟ್ರೋದಲ್ಲಿ ಡುರಿಯನ್ ತರಬಾರ್ದು ಅಂತ ಬೋರ್ಡೇ ಹಾಕಿದ್ದಾರೆ ಅಂತ ಓದಿದ್ದೆ, ಓದಿದ್ದು ತಲೇಲಿ ಉಳೀಬೇಕಿತ್ತು. ಕುಮಟಾ ಬರೂವರೆಗೆ ನಾನೂ ಎಲ್ಲರ ಜೊತೆ ಸೇರಿ ಮೂಗು ಮುಚ್ಕೊಂಡು ಕೂತೆ.

ಕಾರವಾರದಲ್ಲಿ ಡಬ್ಬಿ ಬಿಚ್ಚಿದ್ದೇ ಬಿಚ್ಚಿದ್ದು, ಮನೆ ಎರಡು ಪಾಲಾಯ್ತು. ಹಣ್ಣು-ಹೂವಿನ ಥೀಮ್ ಮೇಲೆ ಸ್ಟಾಂಪ್ ಕೂಡಿಸೂ ಅಕ್ಕೋರು ತಮ್ಮ ಆಲ್ಬಮಿನ ಮಲೇಷ್ಯಾ ಪುಟ ತೆಗೆದು, ಮುಳ್ಳು ಮುಳ್ಳು ಕಾಯಿ ತೋರಿಸಿ, "ಇಷ್ಟು ವರ್ಷ ಚಿತ್ರ ನೋಡಿದ್ದೇ ಆಯ್ತು, ಇವತ್ತು ತಿಂದೇ ಬಿಡೂದು" ಅಂತ ಚಮಚ ಹಿಡ್ಕೊಂಡು ಮುಂದೆ ಕೂತ್ರು. (ಮಲಯ ಭಾಷೇಲಿ ಡುರಿ ಅಂದ್ರೆ ಮುಳ್ಳು. ನೋಡ್ಲಿಕ್ಕೆ ಹಲಸಿನ ತಮ್ಮನ ಹಾಗೆ ಕಂಡ್ರೂ ಸಂಬಂಧ ಇಲ್ಲ, ಇದು ದಾಸವಾಳದ ಕುಟುಂಬದ್ದು.) ರಿಟೈರ್ಡ್ ಪೋಸ್ಟ್‌ಮಾಸ್ತರು ಮಾತ್ರ ತಮ್ಮ ಸ್ಟಾಂಪ್ ಇಡೂ ಸ್ಟಾಕ್‌ಬುಕ್ ಎತ್ಕೊಂಡು ನೇರ ಅಂಗಳಕ್ಕೆ ಹೋದ್ರು. ಸೊಕ್ಕು ಅಂದ್ಕೊಂಡೆ, ಆಮೇಲೆ ಕೇಳಿದ್ರೆ ಅವರ ಮಾತಲ್ಲೂ ಹುರುಳಿತ್ತು. ಹಳೇ ಕಾಲದ ಕಿತ್ತಳೆ, ಕೆಂಪು ಸ್ಟಾಂಪುಗಳ ಶಾಯೀಲಿ ಸೀಸ ಇರ್ತಿತ್ತು, ಗಾಳೀಲಿ ಗಂಧಕದ ಅಂಶ ತಾಗಿದ್ರೆ ಬಣ್ಣ ಕಂದಾಗ್ತದೆ, ಕಪ್ಪೂ ಆಗ್ತದೆ, ಡುರಿಯನ್ ವಾಸನೇಲಿ ದೊಡ್ಡ ಪಾಲು ಗಂಧಕದ್ದೇ ಆಟ. ಒಂದ್ ಡಬ್ಬಿ ಒಂದ್ ಮಧ್ಯಾಹ್ನಕ್ಕೆ ಅಷ್ಟು ಮಾಡೂದಿಲ್ಲ ಅಂತ ನನ್ನ ಲೆಕ್ಕ, ನಮ್ಮ ಮಳೆಗಾಲದ ಥಂಡಿ ಸ್ಟಾಂಪಿನ ಅಂಟಿಗೆ ಮಾಡೂ ಹಾಳು ಇದರ ಹತ್ತರಷ್ಟು. ಆದ್ರೂ ಅವರು ಒಳಗೆ ಬರ್ಲೇ ಇಲ್ಲ, ಕಿಟಕಿ ಹೊರಗಿಂದ್ಲೇ ವಾದ ಮಾಡಿದ್ರು. ಒಣಮೀನು ಬೇಕು, ಈ ವಾಸನೆ ಬೇಡ ಅಂದ್ರೆ ಎಂತ ನ್ಯಾಯ ಅಂತ ಅಕ್ಕೋರು ಕೇಳಿದ್ದಕ್ಕೆ, "ಒಣಮೀನು ನಾವು ಸ್ಟಾಂಪಿನ ಪಕ್ಕ ಇಡೂದಿಲ್ಲ ಮಾರಾಯ್ತೀ" ಅಂದ್ರು.

ಇನ್ನು ರುಚಿ. ಮೊದಲ ಚಮಚಕ್ಕೆ ಹುರಿದ ಈರುಳ್ಳಿ, ಎರಡನೇದಕ್ಕೆ ಬಾದಾಮಿ ಹಾಕಿದ ಗಟ್ಟಿ ಖೀರು, ಮೂರನೇದ್ರ ಹೊತ್ತಿಗೆ ಮೂಗು ಸೋತು ಸುಮ್ಮನಾಗ್ತದೆ, ಆಮೇಲೆ ಬರೀ ಸಿಹಿ, ಬರೀ ಕೆನೆ. ಬಕ್ಕೆ ಹಲಸಿನ ಗರಿಗರಿ ಇಷ್ಟದವ್ರಿಗೆ ಇದು ಬೇಡ, ಅಂಬಲಿ ಹಲಸು ಜೊರ್ರಂತ ನುಂಗೂವವ್ರಿಗೆ ಖಂಡಿತ ಸೇರ್ತದೆ. ಅರ್ಧ ಕರಗಿದಾಗ ತಿಂದ್ರೆ ಕುಲ್ಫಿ ಹಾಗೆ, ವಾಸನೆಯೂ ಕಮ್ಮಿ. ಪೂರ್ತಿ ಕರಗ್ಲಿಕ್ಕೆ ಬಿಡ್ಬೇಡಿ. ಡಬ್ಬಿ ಮುಚ್ಚಳ ಸರಿ ಇಲ್ಲ, ಇದು ದೊಡ್ಡ ದೂರು, ಉಳಿದದ್ದನ್ನ ಫ್ರಿಜ್ಜಿನಲ್ಲಿ ಇಟ್ಟಿದ್ದಕ್ಕೆ ಮರುದಿನದ ಚಾ ಕೂಡ ಡುರಿಯನ್ ಚಾ ಆಯ್ತಂತೆ, ಅಕ್ಕೋರ ಯಜಮಾನ್ರು ಫೋನ್ ಮಾಡಿ ಹೇಳಿದ್ರು. ಮತ್ತೆ ಬೀಜ ತೆಗೆದ್ರೆ 400 ಗ್ರಾಂನಲ್ಲಿ ಕೈಗೆ ಸಿಗೂದು ಕಮ್ಮಿ. ರುಚಿಗೆ ನಾಲ್ಕು ಸ್ಟಾರ್, ಪ್ಯಾಕಿಂಗಿಗೆ ಒಂದು, ರೇಟಿಗೆ ಎರಡು.

ಮಧ್ಯ ಪರಿಮಳದ ಸ್ಟಾಂಪಿನ ಸುದ್ದಿ ಬಂತು. ಭೂತಾನ್ 1973ರಲ್ಲೇ ಗುಲಾಬಿ ವಾಸನೇದು ತಂದಿತ್ತು, ನಮ್ಮಲ್ಲಿ 2006ರಲ್ಲಿ ಶ್ರೀಗಂಧ, 2007ರಲ್ಲಿ ಗುಲಾಬಿ, 2008ರಲ್ಲಿ ಮಲ್ಲಿಗೆ, 2017ರಲ್ಲಿ 100 ರೂಪಾಯಿಯ ಕಾಫಿ. ಅಕ್ಕೋರು ತಮ್ಮ ಶ್ರೀಗಂಧದ್ದನ್ನ ತೆಗೆದು ಎಲ್ಲರ ಮೂಗಿಗೂ ಹಿಡಿದ್ರು, ಯಾರಿಗೂ ಎಂತದೂ ಬರ್ಲಿಲ್ಲ, ಡುರಿಯನ್ ತಿಂದ ಮೂಗಿಗೆ ಹೇಗೆ ಬರ್ಬೇಕು. ಆಗ ಕಿಟಕಿ ಹೊರಗಿಂದ ಪೋಸ್ಟ್‌ಮಾಸ್ತರು, "ಇಲ್ಲಿ ಕೊಡಿ, ಈ ಮನೇಲಿ ಮೂಗು ಉಳಿದದ್ದು ನನಗೊಬ್ಬಂಗೇ" ಅಂತ ಕೈ ಚಾಚಿದ್ರು. ಮೂಸಿ ನೋಡಿ, ಸಣ್ಣಗೆ ಇದೆ ಅಂದ್ರು, ಆಮೇಲೆ ಇನ್ನೊಂದ್ಸಲ ಮೂಸಿ, "ಗಂಧ ಅಲ್ಲ, ನಿಮ್ಮ ಹಣ್ಣಿಂದೇ" ಅಂತ ವಾಪಸ್ ಕೊಟ್ರು.