ಟುಲೂಸ್ ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರದ ಸೇವೆ: ಕಣ್ಣೂರಿನಿಂದ ವಿಮಾನ ಹತ್ತುವವರಿಗೆ ಎಷ್ಟು ಉಪಯುಕ್ತ?

2025ರ ನವೆಂಬರ್ 23ರಂದು ಇಥಿಯೋಪಿಯದ ಹೈಲಿ ಗುಬ್ಬಿ ಜ್ವಾಲಾಮುಖಿ ಸ್ಫೋಟಿಸಿತು. ಅದರ ಬೂದಿ ಕೆಂಪು ಸಮುದ್ರವನ್ನೂ ಯೆಮನ್, ಒಮಾನ್‌ಗಳನ್ನೂ ದಾಟಿ ಭಾರತದ ಕಡೆಗೆ ಹರಡಿದಾಗ, ಮರುದಿನ ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ವಿಮಾನವೊಂದನ್ನು ಅಹಮದಾಬಾದಿನಲ್ಲಿ ಇಳಿಸಬೇಕಾಯಿತು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ನಿಲ್ದಾಣಕ್ಕೆ ಹೋಗುವ ಕೊಡಗಿನ ಕುಟುಂಬಗಳು ಬಹಳ. ಕೊಲ್ಲಿ ರಾಷ್ಟ್ರಗಳಲ್ಲಿ ಮಕ್ಕಳು ದುಡಿಯುತ್ತಿರುವ ಮನೆಗಳಿಗೆ ಈ ಸುದ್ದಿ ದೂರದ್ದಾಗಿರಲಿಲ್ಲ. ಆದ್ದರಿಂದಲೇ ಫ್ರಾನ್ಸಿನ ಹವಾಮಾನ ಸಂಸ್ಥೆ ನಡೆಸುವ, ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಟುಲೂಸ್ ಕೇಂದ್ರದ ಈ ಬೂದಿ ಎಚ್ಚರಿಕೆ ಸೇವೆಯನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಜಗತ್ತಿನಲ್ಲಿ ಇಂತಹ 9 ಕೇಂದ್ರಗಳಿವೆ. ಆಫ್ರಿಕ ಮತ್ತು ಅರೇಬಿಯದ ಬೂದಿಯನ್ನು ಟುಲೂಸ್ ಗಮನಿಸಿದರೆ, ಅಂಡಮಾನಿನ ಬ್ಯಾರನ್ ದ್ವೀಪದ ಹೊಣೆ ಆಸ್ಟ್ರೇಲಿಯದ ಡಾರ್ವಿನ್ ಕೇಂದ್ರದ್ದು. 1982ರಲ್ಲಿ ಜಾವಾದ ಗಲುಂಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. 1989ರಲ್ಲಿ ಅಲಾಸ್ಕದಲ್ಲಿ ಕೆಎಲ್ಎಂ ವಿಮಾನಕ್ಕೂ ಅದೇ ಗತಿ ಬಂದಿತ್ತು. ಗಾಜಿನಂಥ ಈ ಕಣಗಳು ಎಂಜಿನ್ನಿನ ಶಾಖಕ್ಕೆ ಕರಗಿ ಟರ್ಬೈನಿನ ಭಾಗಗಳಿಗೆ ಅಂಟಿ ಗಾಳಿಯ ಹಾದಿಯನ್ನೇ ಕಟ್ಟಿಬಿಡುತ್ತವೆ, ಮತ್ತು ವಿಮಾನದಲ್ಲಿರುವ ಹವಾಮಾನ ರೇಡಾರಿಗೆ ಅವು ಕಾಣುವುದಿಲ್ಲ. ಪೈಲಟ್‌ಗೆ ಹೊರಗಿನಿಂದ ಎಚ್ಚರಿಕೆ ಬರಲೇಬೇಕಾದದ್ದು ಇದರಿಂದಾಗಿ.

ಸೇವೆಯ ನಿಜವಾದ ಬಲ ಅದರ ಸಲಹಾ ಪತ್ರದ ಶಿಸ್ತಿನಲ್ಲಿದೆ. ಈಗ ಕಂಡಿರುವ ಬೂದಿ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಮುಂದಿನ 6, 12 ಮತ್ತು 18 ಗಂಟೆಗಳಲ್ಲಿ ಎಲ್ಲಿರಬಹುದು ಎಂಬುದನ್ನು ಅದು ಬೇರೆಬೇರೆಯಾಗಿ ಹೇಳುತ್ತದೆ. ಮುಂದಿನ ಪತ್ರ ಯಾವಾಗ ಬರುತ್ತದೆಂಬುದನ್ನೂ ಕೊನೆಯಲ್ಲಿ ನಮೂದಿಸುತ್ತದೆ. ಉಪಗ್ರಹದಲ್ಲಿ ಬೂದಿಯನ್ನು ಗುರುತಿಸಲಾಗದಿದ್ದರೆ ಅದನ್ನೂ ಮುಚ್ಚಿಡದೆ ಬರೆಯುತ್ತದೆ. ಈ ಪ್ರಾಮಾಣಿಕತೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು, ಏಕೆಂದರೆ ಅದೇ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ನಕ್ಷೆಗಳಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಭೇದವೇ ಇರಲಿಲ್ಲ.

ಮಿತಿಗಳೂ ಇವೆ. ಅತಿಗೆಂಪು ಕಿರಣಗಳ ಎರಡು ತರಂಗಾಂತರಗಳಲ್ಲಿ, ಸುಮಾರು 11 ಮತ್ತು 12 ಮೈಕ್ರಾನ್‌ಗಳಲ್ಲಿ, ಬೂದಿ ಮತ್ತು ನೀರಿನ ಮೋಡ ಬೇರೆಬೇರೆ ರೀತಿಯಲ್ಲಿ ವರ್ತಿಸುವುದರಿಂದಲೇ ಉಪಗ್ರಹ ಬೂದಿಯನ್ನು ಪತ್ತೆಹಚ್ಚುತ್ತದೆ. ಆದರೆ ಮೇಲೆ ದಟ್ಟ ಮೋಡ ಕವಿದಿದ್ದರೆ ಈ ಉಪಾಯ ಸೋಲುತ್ತದೆ. ನವೆಂಬರಿನ ತಿಳಿ ಆಕಾಶದಲ್ಲಿ ಸ್ಪಷ್ಟವಾಗಿ ಕಂಡದ್ದು, ನಮ್ಮ ಕರಾವಳಿಯ ಮೇಲೆ ಮುಂಗಾರು ಮುಚ್ಚಿಕೊಂಡಿರುವ ಜುಲೈನಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣಲಾರದು.

ಸಾಮಾನ್ಯ ಓದುಗರಿಗೆ ಭಾಷೆಯೂ ಕಷ್ಟ. ಎಲ್ಲವೂ ಸಂಕೇತಗಳಲ್ಲಿದೆ: ಎಫ್ಎಲ್ 450 ಎಂದರೆ ಸುಮಾರು 45,000 ಅಡಿ, ಅದರಲ್ಲಿ ಕೊಟ್ಟಿರುವ ಯುಟಿಸಿ, ಅಂದರೆ ಜಾಗತಿಕ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಂಡರೆ ನಮ್ಮ ಗಡಿಯಾರದ ಹೊತ್ತು. ಪೈಲಟ್‌ಗಳಿಗಾಗಿ ಬರೆದದ್ದನ್ನು ಸರಳಗೊಳಿಸಿ ಎನ್ನುವುದು ನ್ಯಾಯವಲ್ಲ. ಆದರೆ ಬೂದಿ ಭಾರತದ ಮೇಲೆ ಬಂದ ದಿನಗಳಲ್ಲಾದರೂ ನಮ್ಮ ಹವಾಮಾನ ಇಲಾಖೆ ಅದರ ಸಾರವನ್ನು ನಾಲ್ಕು ಸಾಲಿನ ಕನ್ನಡದಲ್ಲಿ, ಭಾರತೀಯ ಸಮಯದೊಂದಿಗೆ ಕೊಡಬೇಕು. ಇಂತಿಂಥ ವಿಮಾನ ಹೊರಡುತ್ತದೆಯೇ ಎಂಬುದನ್ನು ಈ ಪತ್ರ ಹೇಳುವುದಿಲ್ಲ. ಆ ನಿರ್ಧಾರ ವಿಮಾನ ಸಂಸ್ಥೆಯದು. ಹಾಗಾಗಿ ಘಾಟಿ ಇಳಿಯುವ ಮುನ್ನ ಟುಲೂಸಿನ ಇತ್ತೀಚಿನ ಪತ್ರವನ್ನೂ ವಿಮಾನ ಸಂಸ್ಥೆಯ ಸಂದೇಶವನ್ನೂ ಎರಡನ್ನೂ ನೋಡಿಕೊಳ್ಳಿ.