ಎರಡು ದಿಕ್ಕಿನ ಸೌರಫಲಕಗಳು: ಬಿಸಿಲು, ಮೋಡ, ಮಳೆಯಲ್ಲಿ ಕಂಡ ಲೆಕ್ಕ

ಒಂದೇ ಇನ್ವರ್ಟರ್‌ಗೆ ಎರಡು ದಿಕ್ಕುಗಳ ಪ್ಯಾನಲ್‌ಗಳನ್ನು ಜೋಡಿಸಿದ, ಒಟ್ಟು 4 ಕಿಲೋವ್ಯಾಟ್ ಸಾಮರ್ಥ್ಯದ ಮನೆಯ ಸೌರ ವಿದ್ಯುತ್ ವ್ಯವಸ್ಥೆಯ ವಿಮರ್ಶೆ ಇದು. ತಲಾ 400 ವ್ಯಾಟ್‌ನ ಐದು ಪ್ಯಾನಲ್‌ಗಳು ಸಮಭಾಜಕ ವೃತ್ತದ ಕಡೆಗೆ ಮುಖ ಮಾಡಿವೆ, ಅಂದರೆ ಉತ್ತರ ಗೋಳಾರ್ಧದವರಿಗೆ ದಕ್ಷಿಣ, ದಕ್ಷಿಣ ಗೋಳಾರ್ಧದವರಿಗೆ ಉತ್ತರ. ಇನ್ನು ಐದು ನೇರ ಪಶ್ಚಿಮಕ್ಕೆ ನೋಡುತ್ತವೆ. ಎರಡೂ ಸಾಲುಗಳ ಇಳಿಜಾರು ಹೆಚ್ಚುಕಡಿಮೆ 15 ಡಿಗ್ರಿ. ಪ್ಯಾನಲ್‌ಗಳೆಲ್ಲ ಒಂದೇ ತಯಾರಕರವು, ಒಂದೇ ಮಾದರಿಯವು. ಇನ್ವರ್ಟರ್ ಎರಡೂ ಸಾಲುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಹೀಗಾಗಿ ದಿಕ್ಕು ಬದಲಾದರೆ ಏನಾಗುತ್ತದೆ ಎಂಬುದನ್ನು ಒಂದೇ ಚಾವಣಿಯ ಮೇಲೆ, ಒಂದೇ ಆಕಾಶದ ಕೆಳಗೆ ಹೋಲಿಸಿ ನೋಡುವ ಅವಕಾಶ ಸಿಕ್ಕಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಪ್ಯಾನಲ್‌ನ ದಿಕ್ಕು ಮುಖ್ಯವಾಗಿ ನಿರ್ಧರಿಸುವುದು ವಿದ್ಯುತ್ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು. ಆ ದಿನ ಒಟ್ಟು ಎಷ್ಟು ಬರುತ್ತದೆ ಎಂಬುದನ್ನು ಹವಾಮಾನ ಮತ್ತು ನೆರಳು ನಿರ್ಧರಿಸುತ್ತವೆ. ಮಾರಾಟಗಾರರು ದಿಕ್ಕಿನ ಬಗ್ಗೆ ಮೂಡಿಸುವ ಆತಂಕದ ಅರ್ಧದಷ್ಟನ್ನಾದರೂ ನೆರಳಿನ ಬಗ್ಗೆ ಮೂಡಿಸಿದ್ದರೆ ಕೊಳ್ಳುವವರಿಗೆ ಉಪಕಾರವಾಗುತ್ತಿತ್ತು.

ಮೋಡವಿಲ್ಲದ ದಿನ ಸಮಭಾಜಕದತ್ತ ನೋಡುವ ಸಾಲು ಸುಮಾರು ಹತ್ತು ಯೂನಿಟ್ ಕೊಟ್ಟರೆ ಪಶ್ಚಿಮದ ಸಾಲು ಒಂಬತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೂರ್ಯ ನೆತ್ತಿಗೆ ಹತ್ತಿರ ಬರುವ ತಿಂಗಳುಗಳಲ್ಲಿ ಈ ಅಂತರವೂ ಬಹುಮಟ್ಟಿಗೆ ಕರಗಿಹೋಗುತ್ತದೆ. ಹಗಲು ಕಿರಿದಾಗಿ ಸೂರ್ಯ ಕೆಳಗಿನಿಂದಲೇ ಹಾದುಹೋಗುವ ತಿಂಗಳುಗಳಲ್ಲಿ ಮಾತ್ರ ಅದು ಎದ್ದು ಕಾಣುವಷ್ಟು ಹಿಗ್ಗುತ್ತದೆ. ಇದರ ಹಿಂದಿರುವುದು ಸರಳವಾದ ಕೋನದ ಲೆಕ್ಕ. ಕಿರಣವು ಪ್ಯಾನಲ್‌ಗೆ ಲಂಬವಾಗಿ ಬೀಳದೆ 15 ಡಿಗ್ರಿ ಓರೆಯಾಗಿ ಬಿದ್ದರೆ ನಷ್ಟವಾಗುವುದು ಶೇಕಡಾ 3ರಿಂದ 4ರಷ್ಟು ಮಾತ್ರ. 30 ಡಿಗ್ರಿಗೆ ಅದು ಶೇಕಡಾ 13 ಆಗುತ್ತದೆ, 60 ಡಿಗ್ರಿಗೆ ಅರ್ಧಕ್ಕರ್ಧ. ಮೊದಮೊದಲು ಬಹಳ ಉದಾರವಾಗಿರುವ ಈ ಲೆಕ್ಕ ಕೊನೆಯಲ್ಲಿ ಕಠಿಣವಾಗುತ್ತದೆ. ಆದ್ದರಿಂದಲೇ ಅಳವಡಿಸಲು ಬಂದವರು ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಚೌಕಟ್ಟಿನ ಮೇಲಿಟ್ಟು, ಅದರ ಮುಳ್ಳು ಅತ್ತಿತ್ತ ಓಲಾಡುವುದನ್ನು ನೋಡುತ್ತ ಎರಡು ಡಿಗ್ರಿಗಾಗಿ ಪರದಾಡಿದ್ದು ನನಗೆ ಅನಗತ್ಯವೆನಿಸಿತು. ದಿಕ್ಸೂಚಿ ತೋರಿಸುವ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ಹೇಗಿದ್ದರೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಹತ್ತು ಡಿಗ್ರಿಯಷ್ಟು ತಪ್ಪಿದರೂ ವರ್ಷದ ಉತ್ಪಾದನೆಯಲ್ಲಿ ಅದು ಗಮನಕ್ಕೆ ಬರುವಂಥದ್ದಲ್ಲ.

ಗಮನಕ್ಕೆ ಬರುವುದು ಹೊತ್ತು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆತ್ತಿಯ ಮೇಲೆಯೇ ಹಾದುಹೋಗುವ ದಿನವೊಂದನ್ನು ಊಹಿಸಿಕೊಂಡರೆ, ಮಧ್ಯಾಹ್ನ ಕಳೆದು ನಾಲ್ಕು ಗಂಟೆಗಳಾಗುವ ಹೊತ್ತಿಗೆ ಅವನು ನೆತ್ತಿಯಿಂದ 60 ಡಿಗ್ರಿ ಇಳಿದಿರುತ್ತಾನೆ. ಆಗ ಮಟ್ಟಸವಾಗಿ ಮಲಗಿಸಿದ ಪ್ಯಾನಲ್‌ಗೆ ನೇರ ಕಿರಣದ ಅರ್ಧದಷ್ಟು ಸಿಕ್ಕರೆ, ಪಶ್ಚಿಮಕ್ಕೆ 15 ಡಿಗ್ರಿ ಬಾಗಿದ ಪ್ಯಾನಲ್‌ಗೆ ಶೇಕಡಾ 70ರಷ್ಟು ಸಿಗುತ್ತದೆ. ಬೆಳಗಿನ ಅದೇ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ, ಪಶ್ಚಿಮದ ಪ್ಯಾನಲ್‌ಗೆ ದಕ್ಕುವುದು ನಾಲ್ಕನೇ ಒಂದು ಭಾಗ ಮಾತ್ರ. ಮನೆಯವರು ಹಗಲೆಲ್ಲ ಹೊರಗಿದ್ದು, ಸಂಜೆಯ ಬಿಸಿಲು ಇರುವಾಗಲೇ ಮರಳಿ ಫ್ಯಾನು, ಏಸಿ, ವಾಷಿಂಗ್ ಮೆಷಿನ್ ಹಾಕುವವರಾಗಿದ್ದರೆ ಪಶ್ಚಿಮದ ಒಂಬತ್ತು ಯೂನಿಟ್‌ಗಳು ಇನ್ನೊಂದು ಸಾಲಿನ ಹತ್ತು ಯೂನಿಟ್‌ಗಳಿಗಿಂತ ಹೆಚ್ಚು ಬೆಲೆಬಾಳುತ್ತವೆ. ವಿದ್ಯುತ್ ಜಾಲಕ್ಕೆ ಕಳುಹಿಸಿದ ಯೂನಿಟ್‌ಗೂ ಜಾಲದಿಂದ ಪಡೆದ ಯೂನಿಟ್‌ಗೂ ಒಂದೇ ದರ ಇರುವ ಕಡೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಒಟ್ಟು ಮೊತ್ತವೇ ಮುಖ್ಯ.

ಮೋಡದ ದಿನ ಈ ಹೋಲಿಕೆಯ ಸ್ವರೂಪವೇ ಬದಲಾಗುತ್ತದೆ. ಆಕಾಶವನ್ನೆಲ್ಲ ಒಂದೇ ಸಮನೆ ಮುಚ್ಚುವ ದಟ್ಟ ಮೋಡವಿದ್ದಾಗ ಎರಡೂ ಸಾಲುಗಳ ಉತ್ಪಾದನೆಯ ರೇಖೆಗಳು ಇನ್ವರ್ಟರ್ ಆ್ಯಪ್‌ನ ಪರದೆಯ ಮೇಲೆ ಒಂದರ ಮೇಲೊಂದು ಕುಳಿತುಬಿಡುತ್ತವೆ. ಯಾವುದು ಯಾವ ದಿಕ್ಕಿನದೆಂದು ಬಣ್ಣ ನೋಡಿಯೇ ಹೇಳಬೇಕು. ಎರಡೂ ಸೇರಿ ನಾಲ್ಕು ಯೂನಿಟ್ ಬಂದರೆ ಅದೇ ಹೆಚ್ಚು. ಕತ್ತಲು ಕವಿದಂತೆ ಮಳೆ ಹಿಡಿದ ದಿನ ಒಂದೊಂದು ಸಾಲು ಒಂದು ಯೂನಿಟ್ ಮುಟ್ಟುವುದೂ ಕಷ್ಟ. ಕಾರಣವಿಷ್ಟೆ: ಅಂಥ ದಿನ ಸೂರ್ಯನ ನೇರ ಕಿರಣ ನೆಲಕ್ಕೆ ತಲುಪುವುದೇ ಇಲ್ಲ, ಪ್ಯಾನಲ್‌ಗೆ ಸಿಗುವುದೆಲ್ಲ ಮೋಡದಲ್ಲಿ ಚದುರಿ ಆಕಾಶದ ಎಲ್ಲ ಕಡೆಯಿಂದಲೂ ಇಳಿದು ಬರುವ ಬೆಳಕು. ಅಲ್ಲಿ ಬೆಲೆ ಇರುವುದು ಪ್ಯಾನಲ್‌ಗೆ ಎಷ್ಟು ಆಕಾಶ ಕಾಣುತ್ತದೆ ಎಂಬುದಕ್ಕೆ. 15 ಡಿಗ್ರಿ ಬಾಗಿದ ಪ್ಯಾನಲ್‌ಗೆ ಆಕಾಶದ ಶೇಕಡಾ 98ರಷ್ಟು, 30 ಡಿಗ್ರಿ ಬಾಗಿದ್ದಕ್ಕೆ ಶೇಕಡಾ 93ರಷ್ಟು ಕಾಣುತ್ತದೆ. ಗೋಡೆಗೆ ನೆಟ್ಟಗೆ ನಿಲ್ಲಿಸಿದ್ದಕ್ಕೆ ಅರ್ಧ ಆಕಾಶ ಮಾತ್ರ. ವರ್ಷದ ಬಹುಭಾಗ ಮೋಡ ಮುಸುಕಿರುವ ಕಡೆ ಕಡಿದಾದ ಇಳಿಜಾರಿಗಾಗಿ ಎತ್ತರದ ಚೌಕಟ್ಟು ಕಟ್ಟಿಸುವುದರಿಂದ ಲಾಭ ಕಡಿಮೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಸೂರ್ಯನನ್ನೇ ಹಿಂಬಾಲಿಸಿ ತಿರುಗುವ ದುಬಾರಿ ಯಂತ್ರಗಳು ಕೂಡ ಇಂಥ ದಿನ ಮಟ್ಟಸವಾಗಿ ಮಲಗಿದರೇನೇ ಹೆಚ್ಚು ಬೆಳಕು ಪಡೆಯುತ್ತವೆ.

ಬಿಡಿ ಮೋಡಗಳ ದಿನದ ನಕ್ಷೆ ಬಾಚಣಿಗೆಯ ಹಲ್ಲಿನಂತೆ ಇರುತ್ತದೆ. ಮೋಡ ಸರಿದು ಸೂರ್ಯ ಅದರ ಅಂಚಿನಿಂದ ಹೊರಬರುವ ಕ್ಷಣದಲ್ಲಿ ನೇರ ಕಿರಣದ ಜೊತೆಗೆ ಮೋಡದಂಚಿನಿಂದ ಚದುರಿದ ಬೆಳಕೂ ಸೇರಿಕೊಂಡು, ಪ್ರಯೋಗಾಲಯದ ಮಾನದಂಡವಾದ ಚದರ ಮೀಟರಿಗೆ 1000 ವ್ಯಾಟ್‌ಗಳನ್ನೂ ಬಿಸಿಲು ಕ್ಷಣಕಾಲ ಮೀರಬಹುದು. ನಮ್ಮ ಆ್ಯಪ್ 'ಗರಿಷ್ಠ ಸಾಮರ್ಥ್ಯ' ಎಂದು ಅಭಿನಂದಿಸಿದ ದಿನಗಳೆಲ್ಲ ಇಂಥವೇ. ಆ ದಿನಗಳ ಒಟ್ಟು ಯೂನಿಟ್ ಮಾತ್ರ ಸಾಧಾರಣವಾಗಿತ್ತು. ಒಂದು ಕ್ಷಣದ ವ್ಯಾಟನ್ನೂ ಇಡೀ ದಿನದ ಯೂನಿಟ್ಟನ್ನೂ ಒಂದೇ ಎಂದು ಭಾವಿಸಿದವರನ್ನು ಈ ಅಭಿನಂದನೆ ಸುಲಭವಾಗಿ ದಾರಿತಪ್ಪಿಸುತ್ತದೆ.

ಸುಡುಬಿಸಿಲಿನ ದಿನವೇ ಅತಿ ಹೆಚ್ಚು ವಿದ್ಯುತ್ ಬರುತ್ತದೆ ಎಂಬ ಎಣಿಕೆಯೂ ನಿಜವಲ್ಲ. ಪ್ಯಾನಲ್‌ನ ಮೇಲೆ ಬರೆದಿರುವ 400 ವ್ಯಾಟ್ ಎಂಬುದು ಸಿಲಿಕಾನ್ ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಅಂಕಿ. ಕೋಶ ಬಿಸಿಯಾದಂತೆ ವೋಲ್ಟೇಜ್ ಇಳಿಯುತ್ತದೆ. ಪ್ರತಿ ಡಿಗ್ರಿಗೆ ಸಾಮರ್ಥ್ಯದ ಶೇಕಡಾ 0.3ರಿಂದ 0.4ರಷ್ಟು ಹೋಗುತ್ತದೆ. ಗಾಳಿಯಾಡದ ಉರಿಬಿಸಿಲಿನಲ್ಲಿ ಕೋಶ 65 ಡಿಗ್ರಿ ಮುಟ್ಟಿದರೆ ಶೇಕಡಾ 14ರ ಸುಮಾರು ಅಲ್ಲಿಯೇ ಕೈಬಿಟ್ಟಂತೆ. ನಾವು ಕಂಡ ಅತ್ಯುತ್ತಮ ದಿನಗಳು ಹಿಂದಿನ ರಾತ್ರಿ ಮಳೆ ಬಿದ್ದು, ಧೂಳು ತೊಳೆದುಹೋಗಿ, ತಂಪು ಗಾಳಿ ಬೀಸುತ್ತಿದ್ದ ತಿಳಿ ಆಕಾಶದ ದಿನಗಳು. ಪಶ್ಚಿಮದ ಸಾಲಿಗೆ ಇಲ್ಲೊಂದು ಅನನುಕೂಲವಿದೆ: ಅದರ ದುಡಿಮೆಯ ಹೊತ್ತು ದಿನದ ಅತಿ ಬಿಸಿಯಾದ ಹೊತ್ತೂ ಹೌದು. ಪೂರ್ವಕ್ಕೆ ಮುಖ ಮಾಡಿದ ಪ್ಯಾನಲ್‌ಗೆ ಬೆಳಗಿನ ತಂಪು ದಕ್ಕುತ್ತದೆ. ಆದರೆ ಬೆಳಗ್ಗೆ ಮಂಜು ಕವಿಯುವ ಕಡೆ ಆ ಲಾಭ ಮಂಜಿಗೇ ಹೋಗುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮೋಡ ಕಟ್ಟುವ ಕಡೆ ಪಶ್ಚಿಮ ಸೋಲುತ್ತದೆ. ಪೂರ್ವವೋ ಪಶ್ಚಿಮವೋ ಎಂದು ಕೇಳುವವರು ಮೊದಲು ತಮ್ಮ ಆಕಾಶ ದಿನದ ಯಾವ ಹೊತ್ತಿನಲ್ಲಿ ತಿಳಿಯಾಗಿರುತ್ತದೆ ಎಂದು ಕೆಲವು ತಿಂಗಳು ಗಮನಿಸುವುದು ಒಳ್ಳೆಯದು.

ಮಳೆ ಪ್ಯಾನಲ್‌ಗಳನ್ನು ತೊಳೆಯುತ್ತದೆ ಎಂಬ ಮಾತು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಇಳಿಜಾರು ಕಡಿಮೆಯಿದ್ದಾಗ ನೀರು ಹರಿದು ಬಂದು ಕೆಳಗಿನ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಒಣಗಿದ ಮೇಲೆ ಅಲ್ಲಿ ಬೆರಳಗಲದ ಕೆಸರಿನ ಪಟ್ಟಿ ಉಳಿಯುತ್ತದೆ. ನೋಡಲು ಕ್ಷುಲ್ಲಕವೆನಿಸಿದರೂ ಅದರ ಪರಿಣಾಮ ಪ್ಯಾನಲ್ಲನ್ನು ಅಡ್ಡಕ್ಕೆ ಕೂರಿಸಲಾಗಿದೆಯೋ ಉದ್ದಕ್ಕೆ ಕೂರಿಸಲಾಗಿದೆಯೋ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ಪ್ಯಾನಲ್‌ನೊಳಗೆ ಕೋಶಗಳು ಉದ್ದುದ್ದಕ್ಕೆ ಮೂರು ಗುಂಪುಗಳಾಗಿದ್ದು, ಒಂದೊಂದಕ್ಕೂ ಒಂದು ಬೈಪಾಸ್ ಡಯೋಡ್, ಅಂದರೆ ನೆರಳಾದ ಗುಂಪನ್ನು ಬಳಸಿಕೊಂಡು ಕರೆಂಟ್ ಮುಂದೆ ಹರಿಯಲು ಬಿಡುವ ಪುಟ್ಟ ಬಿಡಿಭಾಗ, ಇರುತ್ತದೆ. ಅಡ್ಡಕ್ಕೆ ಕೂರಿಸಿದಾಗ ಕೆಸರಿನ ಪಟ್ಟಿ ಒಂದು ಗುಂಪನ್ನಷ್ಟೇ ಮುಚ್ಚುತ್ತದೆ. ಉದ್ದಕ್ಕೆ ಕೂರಿಸಿದಾಗ ಮೂರನ್ನೂ ಕಾಡುತ್ತದೆ. ಕೋಶಗಳನ್ನು ಅರ್ಧ ಕತ್ತರಿಸಿ ಜೋಡಿಸಿದ ಈಚಿನ ಪ್ಯಾನಲ್‌ಗಳಲ್ಲಿ ಉದ್ದಕ್ಕೆ ಕೂರಿಸಿದರೂ ಮೇಲಿನ ಅರ್ಧ ಬಚಾವಾಗುತ್ತದೆ, ನಮ್ಮವು ಅಂಥವು. ಆದರೂ ಒದ್ದೆ ಬಟ್ಟೆಯಿಂದ ಆ ಅಂಚನ್ನೊಮ್ಮೆ ಒರೆಸಿದ ಮೇಲೆ ರೇಖೆ ಮೇಲೇರಿದ್ದು ಕಾಣಿಸಿತು. ಒರೆಸಬೇಕಾದದ್ದು ಬೆಳಗ್ಗೆಯೇ, ಗಾಜು ಕಾಯುವ ಮೊದಲು.

ಅಳವಡಿಕೆಯ ಸೇವೆಯ ಬಗ್ಗೆ ನನ್ನ ತಕರಾರು ನೆರಳಿನದು. ಸಂಸ್ಥೆಯವರು ಚಾವಣಿಯನ್ನು ಅಳೆಯಲು ಬಂದದ್ದು ನಡುಹಗಲಿನಲ್ಲಿ. ಆಗ ನೀರಿನ ಟ್ಯಾಂಕಿನ ನೆರಳು ಅದರ ಕಾಲ ಬಳಿಯೇ ಇತ್ತು. ವರ್ಷದುದ್ದಕ್ಕೂ ಸೂರ್ಯನ ದಾರಿ 47 ಡಿಗ್ರಿಯಷ್ಟು ಅತ್ತಿತ್ತ ಸರಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ, ಸೂರ್ಯ ಕೆಳಗಿಳಿಯುವ ತಿಂಗಳುಗಳಲ್ಲಿ ಅದೇ ನೆರಳು ಸಂಜೆ ಪಶ್ಚಿಮ ಸಾಲಿನ ಮೂಲೆಯ ಪ್ಯಾನಲ್‌ನ ಮೇಲೆ ಚಾಚಿಕೊಳ್ಳುತ್ತದೆ ಎಂದು ಅವರಿಗೆ ಮೊದಲೇ ತಿಳಿಯುತ್ತಿತ್ತು. ಸರಣಿಯಲ್ಲಿ ಜೋಡಿಸಿದ ಪ್ಯಾನಲ್‌ಗಳಲ್ಲೆಲ್ಲ ಹರಿಯುವುದು ಒಂದೇ ಕರೆಂಟ್ ಆದ್ದರಿಂದ ಒಂದರ ನೆರಳು ಉಳಿದವುಗಳ ದುಡಿಮೆಗೂ ಅಡ್ಡಿಯಾಗುತ್ತದೆ. ಈ ಸಾಲನ್ನು ಕೂರಿಸಿದ್ದೇ ಸಂಜೆಯ ವಿದ್ಯುತ್ತಿಗಾಗಿ ಎಂದಿರುವಾಗ ಸಂಜೆಯೇ ಅದು ಮುಗ್ಗರಿಸುವುದು ಸಣ್ಣ ದೋಷವಲ್ಲ. ಶುಲ್ಕವಿಲ್ಲದೆ ಪ್ಯಾನಲ್ಲನ್ನು ಸರಿಸಿಕೊಟ್ಟರು ನಿಜ, ಆದರೆ ಹಲವು ಬಾರಿ ಹೇಳಿಸಿಕೊಂಡ ಮೇಲೆ.

ಇನ್ವರ್ಟರ್ ಮಾತ್ರ ತೃಪ್ತಿ ಕೊಟ್ಟಿದೆ. ಎರಡೂ ಸಾಲುಗಳಿಗೆ ಪ್ರತ್ಯೇಕ ಎಂಪಿಪಿಟಿ (ಆಯಾ ಕ್ಷಣಕ್ಕೆ ಸಿಗಬಹುದಾದ ಗರಿಷ್ಠ ವಿದ್ಯುತ್ತನ್ನು ಹುಡುಕಿ ಪಡೆಯುವ ಭಾಗ) ಇರುವುದರಿಂದ ಒಂದರ ಮಂಕು ಇನ್ನೊಂದಕ್ಕೆ ತಟ್ಟುವುದಿಲ್ಲ. ಬೇರೆ ಬೇರೆ ದಿಕ್ಕಿನ ಪ್ಯಾನಲ್‌ಗಳನ್ನು ಒಂದೇ ಸರಣಿಗೆ ಪೋಣಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬಾರದು. ಇನ್ವರ್ಟರಿನ ಆ್ಯಪ್ ಅಷ್ಟು ಚೆನ್ನಾಗಿಲ್ಲ. ಇಂದಿನ ಉತ್ಪಾದನೆಯನ್ನು ನಿನ್ನೆಯದಕ್ಕೆ ಹೋಲಿಸಿ ಕೆಂಪು ಬಾಣ ತೋರಿಸುವುದರಿಂದ ಮೋಡ ಬಂದಿತ್ತು ಎಂಬುದರಾಚೆಗೆ ಏನೂ ತಿಳಿಯುವುದಿಲ್ಲ. ಸಾಲುವಾರು ಯೂನಿಟ್ ಬೇಕೆಂದರೆ ಕೋಷ್ಟಕ ಇಳಿಸಿಕೊಂಡು ನಾವೇ ಕೂಡಿಸಬೇಕು. ವ್ಯವಸ್ಥೆ ಸರಿಯಾಗಿದೆಯೇ ಎಂದು ತಿಳಿಯಲು ತಿಂಗಳ ಮೊತ್ತವನ್ನು ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಅಥವಾ ಅಮೆರಿಕದ ಇಂಧನ ಸಂಶೋಧನಾ ಪ್ರಯೋಗಾಲಯ ಎನ್‌ಆರ್‌ಇಎಲ್ ರೂಪಿಸಿದ ಪಿವಿವಾಟ್ಸ್ ಎಂಬ, ಸೌರ ಉತ್ಪಾದನೆಯನ್ನು ಅಂದಾಜಿಸುವ ಆನ್‌ಲೈನ್ ಸಾಧನಗಳ ಲೆಕ್ಕದೊಂದಿಗೆ ಹೋಲಿಸುವುದು ಮೇಲು. ಎರಡೂ ಉಚಿತ; ಸ್ಥಳ, ದಿಕ್ಕು, ಇಳಿಜಾರು ಕೊಟ್ಟರೆ ತಿಂಗಳವಾರು ಸರಾಸರಿ ಕೊಡುತ್ತವೆ, ತಂತಿ, ಧೂಳು ಇತ್ಯಾದಿಗಳಿಂದಾಗುವ ನಷ್ಟಕ್ಕೆ ಶೇಕಡಾ 14ನ್ನು ತಾವಾಗಿಯೇ ಕಳೆಯುತ್ತವೆ. ಒಂದು ದಿನದ ಏರಿಳಿತಕ್ಕೆ ಮಾತ್ರ ಇವುಗಳಲ್ಲಿ ಉತ್ತರ ಹುಡುಕಬಾರದು.

ಕೊಳ್ಳುವ ಮುನ್ನ ಪ್ಯಾನಲ್‌ನ ವಿವರಪಟ್ಟಿಯಲ್ಲಿ ಎರಡನೇ ಅಂಕಣವನ್ನೂ ಓದಬೇಕು. ಚದರ ಮೀಟರಿಗೆ 800 ವ್ಯಾಟ್ ಬಿಸಿಲು, 20 ಡಿಗ್ರಿ ಗಾಳಿ, ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿಬೀಸು ಎಂಬ ಸ್ಥಿತಿಯಲ್ಲಿ 400 ವ್ಯಾಟ್ ಪ್ಯಾನಲ್ ಸುಮಾರು 300 ವ್ಯಾಟ್ ಕೊಡುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಚಾವಣಿಯ ಮೇಲೆ ನಿತ್ಯ ಕಾಣುವ ಅಂಕಿ ಇದಕ್ಕೇ ಹತ್ತಿರ. ಇಡೀ ಚಾವಣಿ ಸಮಭಾಜಕದತ್ತಲೇ ಬಾಗಿ, ನೆರಳಿಲ್ಲದೆ ಸಾಕಷ್ಟು ಜಾಗವಿರುವವರಿಗೆ ಎರಡು ದಿಕ್ಕಿನ ಈ ಏರ್ಪಾಡು ಬೇಕಿಲ್ಲ. ಜಾಗ ಹಂಚಿಹೋಗಿರುವವರು ಧೈರ್ಯವಾಗಿ ಹಾಕಿಸಬಹುದು. ದಿಕ್ಕು ಸರಿಪಡಿಸಲು ಚಾವಣಿಯ ಮೇಲೆ ಓರೆ ಚೌಕಟ್ಟು ಕಟ್ಟಿಸುವ ಖರ್ಚಿನಲ್ಲಿ ಪಶ್ಚಿಮದ ಸಾಲಿಗೆ ಇನ್ನೊಂದು ಪ್ಯಾನಲ್ ಸೇರಿಸುವುದನ್ನೇ ನಾನು ಆರಿಸಿಕೊಳ್ಳುತ್ತೇನೆ.